ಅಂಬಿಗರ ಕಟ್ಟೆಗೆ ಯಮುನೆಯ ಹೆಸರು

ನಮ್ಮೂರಿನ ಹೊಳೆದಂಡೆಯಲ್ಲಿ ಅಂಬಿಗರ ಕಟ್ಟೆ ಎನ್ನುವುದು ಇರಲೇ ಇಲ್ಲವಂತೆ. ಹೀಗೆ ಹೇಳಿದವರು ಊರಿನ ಹೊಳೆದಂಡೆ ಸಮಿತಿಯ ಹಿರಿಯರೊಬ್ಬರು. ಕೇಳಿಸಿಕೊಂಡವರು ನಮ್ಮಪ್ಪ. ಚಳಿಗಾಲದ ಒಂದು ಭಾನುವಾರ ದಿಲ್ಲಿಯ ರೋಹಿಣಿ ಬಡಾವಣೆಯ ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಬಟಾಣಿ ಸುಲಿಯುತ್ತ ಕುಳಿತಿದ್ದರು. ಕಿವಿ ಮಂದವಾದ್ದರಿಂದ ಫೋನನ್ನು ಯಾವಾಗಲೂ ಸ್ಪೀಕರಿನಲ್ಲೇ ಇಡುತ್ತಾರೆ. ಹಾಗಾಗಿ ಆ ಮಾತು ನನಗೂ ಕೇಳಿಸಿತು, ಕೆಳಗಿನ ಮನೆಯ ಪಂಜಾಬಿಗಳಿಗೂ ಕೇಳಿಸಿತು.

"ಯಜಮಾನ್ರೇ, ಬೇಜಾರು ಮಾಡ್ಕೋಬೇಡಿ. ಅಲ್ಲಿ ಬರೀ ಮರಳಿತ್ತು. ಅಂಬಿಗರು ಮರಳಿನ ಮೇಲೇ ಹರಿಗೋಲು ಎಳೀತಿದ್ರು. ಕಟ್ಟೆ, ದೀಪದ ಕಂಬ ಅಂತೆಲ್ಲ ಎಲ್ಲೂ ದಾಖಲೆ ಇಲ್ಲ. ಇದ್ರೆ ಒಂದು ಫೋಟೊ ಕಳಿಸಿ, ಹಾಕೋಣ."

ಅಪ್ಪನ ಕೈ ನಿಲ್ಲಲಿಲ್ಲ. "ಫೋಟೊ ತೆಗೆಸಾಕೆ ನಮ್ಮಪ್ಪ ಏನು ಗೌಡನಾಗಿದ್ನಾ?" ಎಂದು ಕೇಳಿ ಫೋನು ಇಟ್ಟರು. ಸುಲಿದ ಕಾಳು ಸಿಪ್ಪೆಯ ಬುಟ್ಟಿಗೆ, ಸಿಪ್ಪೆ ಕಾಳಿನ ಬಟ್ಟಲಿಗೆ ಬೀಳತೊಡಗಿದ್ದು ಆಮೇಲೆ.

ವಿಷಯ ಇಷ್ಟು. ನಮ್ಮೂರು ತುಂಗಭದ್ರೆಯ ದಂಡೆಯದು. ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಹಳೆಯ ಚಿತ್ರದ ಕಾರ್ಡು ಮಾರುವವರು ನಾಳೆಯಿಂದಲೇ ಸಿಕ್ಕ ಸಿಕ್ಕ ಕಾರ್ಡಿಗೆಲ್ಲ ಆ ಹೆಸರು ಹಚ್ಚಿ ಕೂರುತ್ತಾರೆ. ಇತ್ತೀಚೆಗೆ ಅಲ್ಲಿ ಹೊಳೆಯ ಉದ್ದಕ್ಕೂ ಕಲ್ಲುಹಾಸಿನ ದಾರಿ ಮಾಡಿ, ಬೆಂಚು ಹಾಕಿ, ದಾರಿಯ ಪಕ್ಕ "ಅಂದಿನ ನಮ್ಮೂರು" ಎಂದು ದೊಡ್ಡ ದೊಡ್ಡ ಫಲಕ ನಿಲ್ಲಿಸಿದ್ದಾರೆ. ಬಿಳಿಯರ ಕಾಲದಲ್ಲಿ ಅಂಚೆಗೆ ಹಾಕಲು ಮಾರುತ್ತಿದ್ದ ಚಿತ್ರದ ಕಾರ್ಡುಗಳನ್ನೇ ಹಿಗ್ಗಿಸಿ ಮಾಡಿದ ಫಲಕಗಳು. ಗುಡಿಯ ಮೆಟ್ಟಿಲು ಇದೆ, ಕಲ್ಲುಮಂಟಪ ಇದೆ, ಸಾಹೇಬರ ಬಿದ್ದುಹೋದ ಬಂಗಲೆ ಇದೆ, ಸಾಹೇಬರ ನಾಯಿ ಕೂಡ ಇದೆ. ಊರನ್ನೆಲ್ಲ ಹೊಳೆ ದಾಟಿಸಿದವರು ಮಾತ್ರ ಇಲ್ಲ.

ಕಟ್ಟೆಯನ್ನು ನಾನು ಕಂಡವಳಲ್ಲ. ನನ್ನ ಮುತ್ತಜ್ಜ ಮತ್ತು ಜೊತೆಯ ಅಂಬಿಗರು ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ತಾವೇ ಕಲ್ಲು ಹೊತ್ತು ಕಟ್ಟಿದ್ದಂತೆ. ಮೇಲೊಂದು ದೀಪದ ಕಂಬ. ನನ್ನ ಅಜ್ಜ ಪ್ರತಿ ಸಂಜೆ ಅದಕ್ಕೆ ದೀಪ ಹಚ್ಚುತ್ತಿದ್ದ, ಆಚೆ ದಡದಿಂದ ಬರುವ ಕಡೆಯ ಹರಿಗೋಲಿಗೆ ದಡ ಕಾಣಲೆಂದು. ಸೇತುವೆ ಆಯಿತು, ಹರಿಗೋಲು ನಿಂತಿತು. ಆಮೇಲೆ ಪ್ರವಾಹದ ಗೋಡೆ ಕಟ್ಟುವಾಗ ಕಟ್ಟೆಯ ಕಲ್ಲನ್ನೇ ಕಿತ್ತು ಬುನಾದಿಗೆ ಹಾಕಿದರು. ಅಜ್ಜ ಆ ಸೇತುವೆಯ ಮೇಲೆ ಸಾಯುವ ತನಕ ಕಾಲಿಡಲಿಲ್ಲ. ಅಪ್ಪ ಬಸ್ ಕಂಡಕ್ಟರಾಗಿ ದಿನಕ್ಕೆ ನಾಲ್ಕು ಸಲ ಅದರ ಮೇಲೇ ಓಡಾಡಿದರು. ಹೊಟ್ಟೆಪಾಡು ಯಾರ ಹಟವನ್ನೂ ಕೇಳುವುದಿಲ್ಲ.

ಈಗ ಅಪ್ಪನಿಗೆ ಬೇಕಾಗಿದ್ದು ಒಂದೇ. ಆ ಫಲಕಗಳ ಸಾಲಿನಲ್ಲಿ ತಮ್ಮಪ್ಪನ ಕಟ್ಟೆ ಇರಬೇಕು. ಊರು ಬಿಟ್ಟು ಬಂದ ಮಗಳ ಮನೆಯಲ್ಲಿ ಅವರು ಬೇರೇನನ್ನೂ ಕೇಳಿದವರಲ್ಲ. ನನಗೋ, ಸಿಟ್ಟು ಬಂದರೆ ಸುಮ್ಮನೆ ಕೂರಲು ಬರುವುದಿಲ್ಲ. ಫೋಟೊ ಬೇಕೇ? ತರುತ್ತೇನೆ, ತಾಳಿ ಎಂದುಕೊಂಡೆ.

ಹೀಗೆ ಶುರುವಾಯಿತು ನನ್ನ ಕಾರ್ಡು ಬೇಟೆ. ದರಿಯಾಗಂಜಿನ ಭಾನುವಾರದ ಹಳೆ ಪುಸ್ತಕದ ಸಂತೆಯಲ್ಲಿ ಕಾರ್ಡುಗಳನ್ನು ಬೂಟಿನ ಡಬ್ಬಿಗಳಲ್ಲಿ ತುಂಬಿ ಇಡುತ್ತಾರೆ. "ಭಯ್ಯಾ, ತುಂಗಭದ್ರಾ ನದಿಯದು ಇದೆಯೇ?" ಎಂದರೆ ಹರಿದ್ವಾರದ್ದು ತೆಗೆದು ಕೊಡುತ್ತಿದ್ದರು. ಅದಲ್ಲ, ದಕ್ಷಿಣದ್ದು ಎಂದರೆ ಮದ್ರಾಸಿನ ಸಮುದ್ರ ಬರುತ್ತಿತ್ತು. ಒಬ್ಬನಂತೂ "ಮೇಡಂ, ನೀರು ನೀರೇ ಅಲ್ಲವಾ, ತೆಗೆದುಕೊಳ್ಳಿ" ಎಂದು ಬುದ್ಧಿ ಹೇಳಿದ. ಕೊನೆಗೆ ಅವರಲ್ಲೇ ಒಬ್ಬ, ನನ್ನ ಕಾಟ ತಪ್ಪಿದರೆ ಸಾಕೆಂದೋ ಏನೋ, ಹೌಜ್ ಖಾಸ್‌ನಲ್ಲಿ ತಿಂಗಳಿಗೊಮ್ಮೆ ಸೇರುವ ಕಾರ್ಡು ಸಂಗ್ರಾಹಕರ ಗುಂಪಿನ ವಿಳಾಸ ಕೊಟ್ಟ.

ಆ ಗುಂಪಿನ ಯಜಮಾನರು ನಿವೃತ್ತ ಇಂಜಿನಿಯರು. ಅವರ ಮನೆಯ ನೆಲಮಾಳಿಗೆಯೇ ಸಭಾಂಗಣ. ಒಳ್ಳೆಯ ಮನುಷ್ಯ, ನನ್ನನ್ನು ಮೊದಲ ದಿನದಿಂದಲೇ ಬೇಟಾ ಎಂದರು, ಸಮೋಸ ಕೊಟ್ಟರು. ಆ ತಿಂಗಳು ಅವರು "ನದಿ ದಂಡೆಯ ದಿಲ್ಲಿ" ಎಂದು ತಮ್ಮ ಕಾರ್ಡುಗಳನ್ನು ಗೋಡೆಗೆ ಜೋಡಿಸಿದ್ದರು. ದೋಣಿಗಳನ್ನು ಸಾಲಾಗಿ ಕಟ್ಟಿ ಮಾಡಿದ ಯಮುನೆಯ ತೇಲುಸೇತುವೆ, ಕಬ್ಬಿಣದ ಹಳೆಯ ಸೇತುವೆ, ಈಗಿಲ್ಲದ ಸ್ನಾನದ ಘಾಟುಗಳು. ಬಂದವರೆಲ್ಲ ಒಂದೊಂದರ ಮುಂದೆ ನಿಂತು "ವಾಹ್, ಏನು ನದಿ ಇತ್ತು ನಮ್ಮದು" ಎಂದು ನಿಟ್ಟುಸಿರು ಬಿಡುತ್ತಿದ್ದರು. ಇದೇ ಜನ ಮೆಟ್ರೋ ಯಮುನೆಯನ್ನು ದಾಟುವಾಗ ಫೋನಿನಿಂದ ತಲೆ ಎತ್ತುವುದಿಲ್ಲ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎಂದು ನಮ್ಮಲ್ಲಿ ಅನ್ನುವುದು ಇದಕ್ಕೇ.

ಹಾಗೆ ನೋಡುತ್ತ ಹೋದವಳು ಹನ್ನೊಂದನೆಯದೋ ಹನ್ನೆರಡನೆಯದೋ ಕಾರ್ಡಿನ ಮುಂದೆ ನಿಂತುಬಿಟ್ಟೆ. ಕೆಳಗೆ ಇಂಗ್ಲಿಷಿನಲ್ಲಿ ಯಮುನೆಯ ದೋಣಿಘಾಟು, ದಿಲ್ಲಿ ಎಂದು ಅಚ್ಚಾಗಿತ್ತು. ಹೊಳೆಗೆ ಇಳಿಯುವ ಕೆಲವೇ ಮೆಟ್ಟಿಲು, ಒಂದು ಕಟ್ಟೆ, ಕಟ್ಟೆಯ ಮೇಲೆ ಒಂದು ಕಂಬ, ಕಂಬದ ಬಳಿ ಇಬ್ಬರು ಹೆಂಗಸರು. ದಂಡೆಯ ಮೇಲೆ ಗುಮ್ಮಟದಂಥದ್ದು ಎರಡು.

"ಇವು ಏನು?" ಎಂದು ಯಜಮಾನರನ್ನು ಕೇಳಿದೆ.

"ಖರ್ಬೂಜದ ಹೊಲದವರ ಗುಡಿಸಲು, ಬೇಟಾ. ಯಮುನೆಯ ಮರಳಿನಲ್ಲಿ ಖರ್ಬೂಜ ಬೆಳೆಯುತ್ತಿದ್ದರಲ್ಲ, ಕಾಯಲು ಹಾಕಿಕೊಳ್ಳುತ್ತಿದ್ದರು."

ನನಗೆ ನಗು ಬಂತು, ಸಿಟ್ಟೂ ಬಂತು. ಅದು ಬೋರಲು ಹಾಕಿದ ಹರಿಗೋಲು. ಬಿದಿರಿನ ದುಂಡು ಬುಟ್ಟಿಗೆ ಚರ್ಮ ಹೊದಿಸಿ ಮಾಡಿದ ನಮ್ಮ ದೋಣಿಯನ್ನು ಒಣಗಿಸುವುದೇ ಹಾಗೆ. ಬಾಗಿಲಿಲ್ಲದ ಗುಡಿಸಲಿನೊಳಗೆ ಕಾವಲುಗಾರ ಹೇಗೆ ಹೋಗುತ್ತಿದ್ದನಂತೆ? ಅದನ್ನೇ ಕೇಳಿದೆ. ಬಾಗಿಲು ಆ ಕಡೆಗೆ ಇರಬಹುದು ಎಂದರು. ಎರಡಕ್ಕೂ ಆ ಕಡೆಗೇ ಇರಬೇಕೇ ಎಂದೆ. ಗುಂಪು ನನ್ನ ಕಡೆ ನೋಡಿತು. ಮೊದಲ ಸಲ ಬಂದವಳು ಇಷ್ಟು ಮಾತಾಡಬಾರದು ಎಂಬುದು ಆ ನೋಟದ ಅರ್ಥ. ಕಾರ್ಡಿನ ಫೋಟೊ ತೆಗೆದುಕೊಂಡು ಬಂದೆ.

ಮನೆಯಲ್ಲಿ ಅಪ್ಪ ಕನ್ನಡಕ ಹಾಕಿಕೊಂಡು ಫೋನನ್ನು ತುಂಬ ಹೊತ್ತು ಹಿಡಿದಿದ್ದರು.

"ಹರಿಗೋಲೇ ಕಣವ್ವ. ನಮ್ಮ ಕಡೇದೇ. ಆದ್ರೆ ನಮ್ಮ ಕಟ್ಟೆ ಅಲ್ಲ ಇದು."

"ಅಪ್ಪಾ, ಸರಿಯಾಗಿ ನೋಡಿ."

"ಕಣ್ಣಿನ ಆಪರೇಷನ್ ಆಗೈತೆ, ಬುದ್ಧಿಗಲ್ಲ. ಮೆಟ್ಟಿಲು ಇಳಿಯುವಾಗ ಕಂಬ ಬಲಕ್ಕಿತ್ತು. ಬಲಗೈ ಹಿಂಗೆ ಚಾಚಿದ್ರೆ ಸಿಗೋದು. ಇಲ್ಲಿ ಎಡಕ್ಕೈತೆ. ಯಾರದೋ ಊರಿನ ಕಟ್ಟೆ ತಂದು ನಮ್ಮದು ಅನ್ನಬ್ಯಾಡ. ಅವರು ಸುಳ್ಳು ಹೇಳಿದ್ರು ಅಂತ ನಾವೂ ಹೇಳಾಕಾಗ್ತದಾ?"

ಫೋನು ಹಿಂದಕ್ಕೆ ಕೊಟ್ಟು ಟೀವಿ ಹಾಕಿದರು. ಸುಮ್ಮನೆ ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ಈ ಮನುಷ್ಯ ಒಂದು ದಿನವೂ ಟಿಕೆಟ್ ಹರಿಯದೆ ದುಡ್ಡು ಜೇಬಿಗೆ ಹಾಕಿಕೊಂಡವರಲ್ಲ ಎಂಬುದು ನನಗೆ ನೆನಪಿರಬೇಕಿತ್ತು. ಆ ದಿನ ಅವರ ಮೇಲೆ ಹೆಮ್ಮೆ ಪಡುವಷ್ಟು ತಾಳ್ಮೆ ನನಗಿರಲಿಲ್ಲ. ಅಳು ಬಂತು, ಅಷ್ಟೇ.

ನಾನು ಕೆಲಸ ಮಾಡುವುದು ಮಾನೇಸರಿನಲ್ಲಿ, ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ. ರೋಹಿಣಿಯಿಂದ ಮಾನೇಸರ್ ಎಂದರೆ ಕಂಪನಿ ಬಸ್ಸಿನಲ್ಲಿ ಅರ್ಧ ಆಯಸ್ಸು. ಅಲ್ಲಿ ನಮ್ಮ ಕೈಗೆ ಬರುವ, ಬಿಡಿಭಾಗಗಳನ್ನು ಹಿಡಿದಿಡುವ ಬ್ರಾಕೆಟ್ಟುಗಳೆಲ್ಲ ಜೋಡಿ ಜೋಡಿ: ಕಾರಿನ ಎಡಬದಿಗೆ ಎಲ್‌ಎಚ್, ಬಲಬದಿಗೆ ಆರ್‌ಎಚ್. ಅಳತೆ ಒಂದೇ, ತೂಕ ಒಂದೇ, ತೂತುಗಳು ಒಂದೇ. ಒಂದನ್ನು ಕನ್ನಡಿಯಲ್ಲಿ ಹಿಡಿದರೆ ಇನ್ನೊಂದು. ಹೊಸಬರು ಮಾಡುವ ತಪ್ಪೆಲ್ಲ ಇದೇ. ಎಡದ್ದನ್ನು ಬಲದ ಪೆಟ್ಟಿಗೆಗೆ ಹಾಕುತ್ತಾರೆ, ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಜೋಡಿಸಲು ಹೋದರೆ ಕೂರುವುದಿಲ್ಲ. ಆ ವಾರ ಹಾಗೇ ಆಯಿತು. ಒಂದು ಪೆಟ್ಟಿಗೆ ಪೂರ್ತಿ ಅದಲುಬದಲು. ತಪ್ಪು ಭಾಗವೊಂದನ್ನು ಕೈಯಲ್ಲಿ ಹಿಡಿದು ವಿಭಾಗದ ಹೊಸ ಹುಡುಗಿಯರಿಗೆ ಬೈಯುತ್ತಿದ್ದೆ: "ಎಲ್ಲ ಸರಿ ಇದ್ದು ಒಂದು ಮಾತ್ರ ಆ ಕಡೆ ಇದ್ದರೆ ಅದು ಬೇರೆ ಭಾಗ ಅಲ್ಲಮ್ಮ, ಅದೇ ಭಾಗದ ಉಲ್ಟಾ!"

ಬೈಗುಳ ಅರ್ಧಕ್ಕೆ ನಿಂತಿತು. ಬಾಯಿ ಹಾಗೇ ತೆರೆದುಕೊಂಡಿತ್ತೆಂದು ಹುಡುಗಿಯರು ಇವತ್ತಿಗೂ ಆಡಿಕೊಳ್ಳುತ್ತಾರೆ.

ಊಟದ ಬಿಡುವಿನಲ್ಲಿ ಫೋನಿನಲ್ಲಿದ್ದ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿದೆ. ಅದಕ್ಕೆ ಒಂದು ಗುಂಡಿ ಒತ್ತಿದರೆ ಸಾಕು. ಕಂಬ ಬಲಕ್ಕೆ ಬಂತು. ಹೆಂಗಸರ ಸೆರಗು, ಅದುವರೆಗೆ ಬಲಹೆಗಲ ಮೇಲಿದ್ದದ್ದು, ಎಡಹೆಗಲಿಗೆ ಬಂತು. ಆಗೆಲ್ಲ ಫೋಟೊ ಮೂಡುತ್ತಿದ್ದದ್ದು ಗಾಜಿನ ಮೇಲೆ; ಅಚ್ಚು ಹಾಕಿದವನು ಆ ಗಾಜನ್ನು ತಲೆಕೆಳಗೆ ಹಾಕಿರಲಿಲ್ಲ, ಮಗ್ಗುಲು ಬದಲಿಸಿ ಹಾಕಿದ್ದ. ಊರೂರು ಸುತ್ತಿ ತೆಗೆದ ಗಾಜುಗಳ ರಾಶಿಯಲ್ಲಿ ಇದು ದಿಲ್ಲಿಯ ಗಾಜುಗಳ ಜೊತೆ ಸೇರಿಹೋಗಿರಬೇಕು. ಎಡದ್ದು ಬಲದ ಪೆಟ್ಟಿಗೆಗೆ ಬಿದ್ದಂತೆ.

ಮರುದಿನ ಬೆಳಗಿನ ಚಹಾದ ಹೊತ್ತಿಗೆ ಏನೂ ಹೇಳದೆ ಫೋನನ್ನು ಅಪ್ಪನ ಮುಂದೆ ಇಟ್ಟೆ. ಅಪ್ಪ ನೋಡಿದರು. ಬಲಗೈ ತಾನಾಗಿಯೇ ಮೇಲೆದ್ದು ಗಾಳಿಯಲ್ಲಿ ಏನನ್ನೋ ಮುಟ್ಟಿತು.

"ಕೆಳಗಿನಿಂದ ಎರಡನೇ ಮೆಟ್ಟಿಲು ಮುಕ್ಕಾಗಿರಬೇಕು ನೋಡು. ಕಟ್ಟುವಾಗ್ಲೇ ಕಲ್ಲು ಬಿದ್ದು ಮುಕ್ಕಾಯ್ತು ಅಂತ ನಮ್ಮಪ್ಪ ಹೇಳೋನು."

ಹಿಗ್ಗಿಸಿದೆ. ಮುಕ್ಕಾಗಿತ್ತು.

ಅಪ್ಪ ಅಳಲಿಲ್ಲ. "ನಾನು ಹೇಳಿದ್ದು ಸುಳ್ಳಾ ಹಂಗಾದ್ರೆ?" ಎಂದು ಚಹಾದ ಲೋಟವನ್ನು ಕೇಳಿದರು. ಎರಡು ಸಲ ಕೇಳಿದರು. ಆಮೇಲೆ ಚಹಾ ಆರಿಹೋಗಿದೆ, ಬಿಸಿ ಮಾಡಿ ಕೊಡು ಎಂದರು.

ನಾವು ಚಿತ್ರವನ್ನು ಊರಿಗೆ ಕಳಿಸಿದೆವು. ತಿರುಗಿಸಿದ್ದನ್ನೂ, ಮೂಲವನ್ನೂ, ಎರಡನ್ನೂ. ಮುಚ್ಚಿಡಲು ಏನಿದೆ ಎಂಬುದು ಅಪ್ಪನ ಮಾತು. ಎರಡೇ ದಿನಕ್ಕೆ ಸಮಿತಿಯ ಹಿರಿಯರ ಫೋನು. "ಯಜಮಾನ್ರೇ, ಕಾರ್ಡಿನ ಮೇಲೇ ಯಮುನಾ, ದೆಹಲಿ ಅಂತ ಅಚ್ಚಾಗಿದೆಯಲ್ಲ. ದೆಹಲಿಯ ಘಾಟ್ ತಂದು ನಮ್ಮೂರಲ್ಲಿ ಹೇಗೆ ಹಾಕೋದು? ಅದರ ಮಾಲೀಕರೇ ಇದು ಯಮುನೆಯದಲ್ಲ ಅಂತ ಬರೆದುಕೊಟ್ರೆ ನೋಡೋಣ." ಅವರ ದನಿಯಲ್ಲಿ ಒಂದು ಸಮಾಧಾನವಿತ್ತು. ಹೌಜ್ ಖಾಸ್‌ನ ಇಂಜಿನಿಯರು ಒಬ್ಬ ಅಂಬಿಗನ ಮಗನ ಮಾತಿಗಾಗಿ ತಮ್ಮ ಕಾರ್ಡಿನ ಜಾತಕ ಬದಲಿಸುತ್ತಾರೆಯೇ ಎಂಬ ಸಮಾಧಾನ.

ಬದಲಿಸುತ್ತಾರೋ ಇಲ್ಲವೋ ನೋಡಿಯೇ ಬಿಡೋಣ ಎಂದು ಮುಂದಿನ ತಿಂಗಳ ಸಭೆಗೆ ಅಪ್ಪನನ್ನೂ ಕರೆದುಕೊಂಡು ಹೋದೆ. ಅಪ್ಪನದು ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಂಚೆ, ಮೇಲೆ ಸ್ವೆಟರ್, ತಲೆಗೆ ಮಫ್ಲರ್. ದಿಲ್ಲಿಯ ಚಳಿಯಲ್ಲಿ ಪಂಚೆ ಬೇಡ ಎಂದರೆ ಕೇಳಲಿಲ್ಲ. "ನಾವು ಯಾರು ಅಂತ ನೋಡ್ಲಿ" ಎಂದರು.

ಯಜಮಾನರು ಅಪ್ಪನಿಗೆ ಕುರ್ಚಿ ಕೊಟ್ಟರು, ಚಹಾ ತರಿಸಿದರು. ನಾನು ನಿಂತೇ ವಾದಿಸಿದೆ. ಹರಿಗೋಲು ಹೇಳಿದೆ, ಸೆರಗು ಹೇಳಿದೆ, ಅಪ್ಪನ ನೆನಪಿನಲ್ಲಿ ಬಲಕ್ಕಿರುವ ಕಂಬ, ಮುಕ್ಕಾದ ಮೆಟ್ಟಿಲು ಹೇಳಿದೆ, ತಿರುಗಿಸಿದ ಚಿತ್ರ ತೋರಿಸಿದೆ. ಅವರು ಸಿಟ್ಟಾಗದೆ ಒಂದೊಂದಕ್ಕೂ ಉತ್ತರ ಕೊಟ್ಟರು. ಬಲಹೆಗಲಿಗೆ ಸೆರಗು ಹಾಕುವುದು ಉತ್ತರದಲ್ಲಿ ಎಷ್ಟೋ ಕಡೆ ಇದೆ. ಗುಡಿಸಲು ನಿನಗೆ ದೋಣಿಯಂತೆ ಕಾಣಬಹುದು, ಮನಸ್ಸು ಬಯಸಿದ್ದನ್ನು ಕಣ್ಣು ಕಾಣುತ್ತದೆ. ಯಾವ ಚಿತ್ರವನ್ನಾದರೂ ಹೀಗೆ ತಿರುಗಿಸಬಹುದು. "ಬೇಟಾ, ಅಚ್ಚಾದ ಹೆಸರನ್ನು ಬರೀ ನೆನಪಿನ ಮೇಲೆ ಅಳಿಸಲು ಆಗುತ್ತದೆಯೇ?"

"ನೆನಪಿಟ್ಟವರಿಗೆ ಅಚ್ಚುಕೂಟ ಇರಲಿಲ್ಲ, ಸರ್. ಅದು ಅವರ ತಪ್ಪಲ್ಲ," ಎಂದೆ. ನನ್ನ ದನಿ ಏರಿತ್ತು. ಸಮೋಸ ತಿನ್ನುತ್ತಿದ್ದವರು ನಿಲ್ಲಿಸಿದರು.

ಅಪ್ಪನಿಗೆ ಹಿಂದಿ ಅಷ್ಟಕ್ಕಷ್ಟೇ. ಅವರು ನನ್ನ ವಾದದ ಕಡೆ ಲಕ್ಷ್ಯವನ್ನೇ ಕೊಟ್ಟಿರಲಿಲ್ಲ. ಎದ್ದು ಗೋಡೆಯ ಹತ್ತಿರ ಹೋಗಿ, ಮೇಜಿನ ಮೇಲಿದ್ದ ಭೂತಗನ್ನಡಿಯನ್ನು ತಾವೇ ತೆಗೆದುಕೊಂಡು, ಮೂಲ ಕಾರ್ಡಿಗೆ ಮೂಗು ತಾಗುವಷ್ಟು ಬಗ್ಗಿ ನಿಂತಿದ್ದರು.

"ಇಲ್ಲಿ ಬಾ," ಎಂದರು. "ಈಯಮ್ಮ ಏನು ಮಾಡ್ತಿದ್ದಾಳೆ ಅಂತ ಆ ಸಾಹೇಬರನ್ನ ಕೇಳು."

ಫೋನಿನಲ್ಲಿ ಕಾಣದ್ದು ಗಾಜಿನಡಿಯಲ್ಲಿ ಕಂಡಿತು. ಕಂಬದ ಬಳಿಯ ಹೆಂಗಸಿನ ಒಂದು ಕೈಯಲ್ಲಿ ಪುಟ್ಟ ತಟ್ಟೆ, ಇನ್ನೊಂದು ಕೈಯ ಬೆರಳು ಕಂಬದ ಮೇಲೆ. ಕಂಬದಲ್ಲಿ ಕಪ್ಪು ಕಲೆ.

"ಹೊಳೆ ದಾಟೋ ಮುಂಚೆ ಹೆಣ್ಮಕ್ಕಳು ದೀಪದ ಕಂಬಕ್ಕೆ ಅರಿಶಿನ ಕುಂಕುಮ ಹಚ್ಚಿ ಹರಿಗೋಲು ಹತ್ತೋರು. ಕಂಡಿದ್ದೀನಿ ನಾನು. ಯಾವ ಕೈಲಿ ಹಚ್ತಿದ್ದಾಳೆ, ಕೇಳು."

ಕೇಳಿದೆ. ಯಜಮಾನರು ಭೂತಗನ್ನಡಿ ತೆಗೆದುಕೊಂಡರು. ಬಗ್ಗಿದವರು ಬಹಳ ಹೊತ್ತು ಮೇಲೇಳಲಿಲ್ಲ.

ಎಡಗೈ.

ತಟ್ಟೆ ಬಲಗೈಯಲ್ಲಿ, ಕುಂಕುಮ ಎಡಗೈಯಲ್ಲಿ. ಅವಳ ಹಿಂದೆ ನಿಂತವಳೂ ಎಡಗೈಯನ್ನೇ ಮುಂದೆ ಮಾಡಿದ್ದಾಳೆ. ಒಬ್ಬಳು ಎಡಚಿ ಎಂದರೂ ಇಬ್ಬರೂ ಎಡಚಿಯರೇ? ಎಡಚಿಯಾದರೂ ದೇವರ ಕೆಲಸಕ್ಕೆ ಎಡಗೈ ಚಾಚುವ ಹೆಂಗಸು ಯಮುನೆಯ ದಂಡೆಯಲ್ಲಿದ್ದಳೇ, ತುಂಗಭದ್ರೆಯ ದಂಡೆಯಲ್ಲಿದ್ದಳೇ? ನಾನು ಇದನ್ನು ಹಿಂದಿಗೆ ತಿರುಗಿಸಬೇಕಾಗಿ ಬರಲಿಲ್ಲ.

"ಉಲ್ಟಾ ಹೈ," ಎಂದರು ಯಜಮಾನರು ನಿಧಾನವಾಗಿ. "ಎಡಗೈಯಲ್ಲಿ ಯಾರೂ ತಿಲಕ ಇಡುವುದಿಲ್ಲ. ಚಿತ್ರವೇ ಉಲ್ಟಾ. ಇವರು ಹೇಳಿದಂತೆ ಕಂಬ ಬಲಕ್ಕೇ ಇತ್ತು." ಮತ್ತೆ ಅಪ್ಪನ ಕಡೆ ತಿರುಗಿ, "ಆ ಗುಡಿಸಲುಗಳು ದೋಣಿಗಳೇ, ಅಲ್ಲವೇ?" ಎಂದು ಕೇಳಿದರು. ಮೂವತ್ತು ವರ್ಷ ಖರ್ಬೂಜದ ಕಥೆ ಹೇಳಿದ ಮನುಷ್ಯ ಅಷ್ಟು ಜನರೆದುರು ಹಾಗೆ ಕೇಳುವುದು ಸುಲಭವಲ್ಲ. ಆ ಮಟ್ಟಿಗೆ ಅವರ ಮೇಲೆ ನನಗೆ ಗೌರವವೇ ಇದೆ.

ಬರೆದುಕೊಡುತ್ತೇನೆ ಎಂದು ಒಪ್ಪಿದರು. ಸಮಿತಿಗೆ ಬೇಕಾದ ಕಾಗದವನ್ನು ಅಲ್ಲೇ ಬರೆದು ಸಹಿಯನ್ನೂ ಹಾಕಿದರು. ಆ ಕಾಗದ ಊರಿಗೆ ಹೋಗಿದೆ. ಮುಂದಿನ ಸಭೆಯಲ್ಲಿ ಇಡುತ್ತೇವೆ ಎಂದಿದ್ದಾರೆ. ಇಡಲಿ, ಬಿಡಲಿ, ಪ್ರತಿ ಸೋಮವಾರ ಬೆಳಿಗ್ಗೆ ನಾನು ಫೋನು ಮಾಡುತ್ತೇನೆ. ನನ್ನ ನಂಬರು ಕಂಡರೆ ಆ ಹಿರಿಯರಿಗೆ ಕೆಮ್ಮು ಬರುತ್ತದೆ. ಅವರ ಕೆಮ್ಮು ವಾಸಿಯಾಗುವ ತನಕ ಮಾಡುತ್ತೇನೆ.

ಆದರೆ ಆ ದಿನದ ಮಾತು ಅಲ್ಲಿಗೆ ಮುಗಿಯಲಿಲ್ಲ. ಕಾರ್ಡಿನ ವಿವರ ತಪ್ಪೆಂದು ಗೊತ್ತಾದಾಗ ಸರಿಯಾದದ್ದನ್ನು ಅದರ ಬೆನ್ನಿಗೆ ಬರೆದಿಡುವುದು ಆ ಗುಂಪಿನ ಪದ್ಧತಿ. ಯಜಮಾನರು ಕಾರ್ಡನ್ನು ಗೋಡೆಯಿಂದ ಬಿಡಿಸಿ, ಬೋರಲು ಹಾಕಿ ಅಪ್ಪನ ಮುಂದಿಟ್ಟು, ನೀವೇ ಬರೆಯಿರಿ ಎಂದು ಒಂದು ಪೆನ್ಸಿಲ್ ಕೊಟ್ಟರು. ಅಪ್ಪ ಅದನ್ನು ತಿರುಗಿಸಿ ನೋಡಿದರು.

"ಇದು ಅಳಿಸಿ ಹೋಗ್ತದೆ. ಪೆನ್ನು ಕೊಡಾಕೆ ಹೇಳು."

ಹೇಳಿದೆ. ಯಜಮಾನರ ಮುಖ ಸಣ್ಣದಾಯಿತು. ಹಳೆಯ ಕಾರ್ಡಿಗೆ ಯಾರೂ ಮಸಿ ತಾಗಿಸುವುದಿಲ್ಲ, ತಾಗಿಸಿದರೆ ಅದರ ಬೆಲೆ ಹೋಗುತ್ತದೆ, ಪೆನ್ಸಿಲ್ಲೇ ನಿಯಮ ಎಂದು ಮೃದುವಾಗಿ ವಿವರಿಸಿದರು. ನಾನು ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದೆ.

"ಕಟ್ಟೆ ಕಿತ್ತು ಗೋಡೆಗೆ ಹಾಕಿದ್ರು. ಹೆಸರು ಕಿತ್ತು ಯಮುನೆಗೆ ಹಾಕಿದ್ರು. ಇಷ್ಟು ವರ್ಷ ಅಳಿಸಿದ್ದೇ ಆಯ್ತಲ್ಲ," ಎಂದರು ಅಪ್ಪ. "ಇನ್ನೊಂದು ಸಲ ಅಳಿಸೋ ಹಂಗೆ ನಾನು ಬರೆಯೋದಿಲ್ಲ ಅಂತ ಹೇಳು. ಬ್ಯಾಡ ಅಂದ್ರೆ ಬ್ಯಾಡ. ಎದ್ದು ಹೋಗಾನ."

ಅದನ್ನೂ ಒಂದಕ್ಷರ ಬಿಡದೆ ಹೇಳಿದೆ, ಸ್ವಲ್ಪವೂ ಮೆತ್ತಗೆ ಮಾಡದೆ. ಯಜಮಾನರು ಕಾರ್ಡನ್ನು ನೋಡಿದರು, ಅಪ್ಪನನ್ನು ನೋಡಿದರು, ಆಮೇಲೆ ಜೇಬಿನಿಂದ ತಮ್ಮ ಮಸಿಯ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ ಕೊಟ್ಟರು.

ಅಪ್ಪ ಊರಿನ ಹೆಸರು ಬರೆದರು. ಹೊಳೆಯ ಹೆಸರು ಬರೆದರು. ಅಂಬಿಗರ ಕಟ್ಟೆ ಎಂದು ಬರೆದರು. ಒಂದೊಂದು ಅಕ್ಷರವನ್ನೂ ಒತ್ತಿ ಒತ್ತಿ ಬರೆದರು. ಕೊನೆಗೆ ತಮ್ಮಪ್ಪನ ಹೆಸರು ಬರೆದು, ಪಕ್ಕದಲ್ಲಿ, ದೀಪ ಹಚ್ಚುತ್ತಿದ್ದವರು ಎಂದು ಸೇರಿಸಿದರು. ಯಜಮಾನರು ಕಾರ್ಡಿಗಾಗಿ ಕೈ ಚಾಚಿದರು. ಮಸಿ ಪೂರ್ತಿ ಒಣಗುವ ತನಕ ಅಪ್ಪ ಅದನ್ನು ಯಾರ ಕೈಗೂ ಕೊಡಲಿಲ್ಲ.